ಅಪ್ಪನ ಕಾಲಿನ ವೆರಿಕೋಸ್ ವೇನ್ಸ್: ಮೂರು ಡಾಕ್ಟ್ರು ಮೂರು ಥರ ಹೇಳ್ತಿದಾರೆ, ಯಾರ ಹತ್ರ ಮಾಡ್ಸೋದು?

ಬೆಣ್ಣೆದೋಸೆ_ದಾವಣಗೆರೆ
ಎಲ್ರಿಗೂ ನಮಸ್ಕಾರ. ಅಪ್ಪಂಗೆ 58 ವರ್ಷ, ಮದುವೆ ಛತ್ರಗಳಲ್ಲಿ ಅಡಿಗೆ ಕಾಂಟ್ರಾಕ್ಟು. ಬೆಳಗಿನ ಜಾವ ಒಲೆ ಹಚ್ಚಿದ್ರೆ ಕೊನೇ ಪಂಕ್ತಿ ಏಳೋ ತನಕ ಕೂರೋ ಮಾತೇ ಇಲ್ಲ. ಎಡಗಾಲಲ್ಲಿ ತೊಡೆಯಿಂದ ಮೀನಖಂಡದ ತನಕ ನರ ಉಬ್ಬಿ ಸುತ್ತಿಕೊಂಡಿದೆ, ಪಾದದ ಗಂಟಿನ ಒಳಗಡೆ ಭಾಗದಲ್ಲಿ ಚರ್ಮ ಕಪ್ಪಾಗಿ ಗಟ್ಟಿಯಾಗಿದೆ, ರಾತ್ರಿ ನವೆ ಅಂತ ಕೆರ್ಕೋತಾನೇ ಇರ್ತಾರೆ. ಬಲಗಾಲಲ್ಲೂ ಸ್ವಲ್ಪ ಕಾಣುತ್ತೆ ಆದ್ರೆ ನೋವಿಲ್ಲ. ಶುಗರ್ ಇದೆ, ಮಾತ್ರೆಯಲ್ಲಿ ಕಂಟ್ರೋಲ್.

ಊರಲ್ಲೇ ಒಬ್ರು ಜನರಲ್ ಸರ್ಜನ್ ನೋಡಿ ತೊಡೆಸಂದಲ್ಲಿ ಕೊಯ್ದು ನರ ಎಳೆದು ತೆಗೀಬೇಕು ಅಂದ್ರು. ಬೆಂಗಳೂರಲ್ಲಿ ಒಂದು ಕ್ಲಿನಿಕ್ಕಿಗೆ ಆನ್‌ಲೈನಲ್ಲಿ ನಂಬರ್ ಕೊಟ್ಟಿದ್ದೇ ತಪ್ಪಾಯ್ತೋ ಏನೋ, ದಿನಾ ಫೋನು, ಎರಡೂ ಕಾಲಿಗೆ ಲೇಸರ್ ಪ್ಯಾಕೇಜು, ಈ ವಾರ ಅಡ್ವಾನ್ಸ್ ಕಟ್ಟಿದ್ರೆ ಡಿಸ್ಕೌಂಟು ಅಂತ. ಮೂರನೇದವರು ಗಮ್ ಹಾಕಿ ಅಂಟಿಸ್ತೀವಿ, ಅರಿವಳಿಕೇನೂ ಹೆಚ್ಚು ಬೇಡ ಅಂತಾರೆ. ಯಾರನ್ನ ನಂಬೋದು? ಅಸಲಿಗೆ ಇದಕ್ಕೆ ಯಾವ ಡಾಕ್ಟ್ರು ಅಂತಾನೇ ಗೊತ್ತಾಗ್ತಿಲ್ಲ. ಸ್ಕಿನ್ನೋರಾ, ನ್ಯೂರೋನಾ, ಹಾರ್ಟಿನೋರಾ?

ಹುಬ್ಬಳ್ಳಿ_ಮಂದಿ
ತಮ್ಮಾ, ನ್ಯೂರೋ ಕಡೆ ಹೋಗಬ್ಯಾಡ, ಅವರದಲ್ಲ ಇದು. ವ್ಯಾಸ್ಕುಲರ್ ಸರ್ಜನ್ ಅಂತ ರಕ್ತನಾಳದ ಡಾಕ್ಟ್ರು ಇರ್ತಾರ, ಅವರ ಹತ್ರ ಹೋಗು. ನಾ ಸೀರಿ ಅಂಗಡ್ಯಾಗ ಕೆಲಸ ಮಾಡಾಂವ, ಸೀಜನ್ ಬಂತಂದ್ರ ಮುಂಜಾನಿಂದ ರಾತ್ರಿ ತನಕ ನಿಂತ ಇರೂದು. ನಂದೂ ಒಂದ ಕಾಲು ಹಿಂಗ ಆಗಿತ್ತು, ಲೇಸರ್ ಮಾಡಿಸ್ಕೊಂಡೆ, ಅವತ್ತ ಸಂಜಿಗೆ ನಡಕೊಂತ ಮನಿಗೆ ಬಂದೆ. ತೊಡಿಯಾಗ ಒಂದ ವಾರ ಎಳದಂಗ ಆಗ್ತಿತ್ತು, ಅಷ್ಟ. ಇನ್ನ ಆ ಡಿಸ್ಕೌಂಟಿನವರ ಫೋನ್ ಬ್ಲಾಕ್ ಮಾಡು ಮೊದಲ, ಕಾಲೇನು ದೀಪಾವಳಿ ಸೇಲಿಗೆ ಇಟ್ಟಿದ್ದೇನು?

ಸ್ಕ್ಯಾನ್_ರೂಮು
ನಾನು ರೇಡಿಯಾಲಜಿಸ್ಟ್, ದಿನಾ ಇದೇ ಡಾಪ್ಲರ್ (ರಕ್ತದ ಹರಿವು ತೋರಿಸೋ ಸ್ಕ್ಯಾನ್) ಮಾಡೋನು, ಹಾಗಾಗಿ ಒಂದು ಪ್ರಶ್ನೆ ಕೇಳ್ತೀನಿ. ಈ ಮೂರು ಜನದಲ್ಲಿ ನಿಮ್ಮ ತಂದೇನ ನಿಲ್ಲಿಸಿ ಸ್ಕ್ಯಾನ್ ಮಾಡಿದವರು ಯಾರು?

ಬೆಣ್ಣೆದೋಸೆ_ದಾವಣಗೆರೆ
ನಿಲ್ಲಿಸಿ ಯಾರೂ ಮಾಡಿಲ್ಲ ಸರ್. ಊರಲ್ಲಿ ಒಂದು ಡಾಪ್ಲರ್ ಆಯ್ತು, ಮಲಗಿಸಿ ಮಾಡಿದ್ರು. ರಿಪೋರ್ಟಲ್ಲಿ "ಎಡಗಾಲಲ್ಲಿ ವೆರಿಕೋಸಿಟಿ ಇದೆ, ಡಿವಿಟಿ ಇಲ್ಲ" (ಅಂದ್ರೆ ಆಳದ ನಾಳದಲ್ಲಿ ಹೆಪ್ಪು ಇಲ್ಲ) ಅಂತ ಎರಡೇ ಲೈನು. ಕ್ಲಿನಿಕ್ಕಿನವರು ಬರೀ ಫೋಟೋ ವಾಟ್ಸಾಪ್ ಮಾಡಿ ಅಂದ್ರು, ಅದನ್ನ ನೋಡೇ ಎರಡೂ ಕಾಲು ಅಂದಿದ್ದು.

ಸ್ಕ್ಯಾನ್_ರೂಮು
ಅಲ್ಲೇ ಇರೋದು ಸಮಸ್ಯೆ. ಮೂರು ಜನ ಮೂರು ಥರ ಹೇಳೋಕೆ ಕಾರಣ ಏನಂದ್ರೆ ಯಾರ ಕೈಯಲ್ಲೂ ಸರಿಯಾದ ಸ್ಕ್ಯಾನ್ ಇಲ್ಲ, ಹಂಗಾಗಿ ಅವರವರ ಹತ್ರ ಇರೋ ಮಷೀನನ್ನೇ ಹೇಳ್ತಿದಾರೆ.

ಕಾಲಿನ ರಕ್ತ ಮೇಲಕ್ಕೆ ಹತ್ತಬೇಕು, ಕೆಳಗೆ ವಾಪಸ್ ಬೀಳದಂಗೆ ರಕ್ತನಾಳದೊಳಗೆ ಸಣ್ಣ ಸಣ್ಣ ವಾಲ್ವ್ ಇರುತ್ತೆ. ಅದು ಕೆಟ್ರೆ ನಿಂತಾಗ ರಕ್ತ ಕೆಳಗೆ ಜಾರುತ್ತೆ, ಒತ್ತಡಕ್ಕೆ ಮೇಲ್ಗಡೆ ಇರೋ ಕವಲು ಉಬ್ಬುತ್ತೆ. ಕಣ್ಣಿಗೆ ಕಾಣೋ ಉಬ್ಬು ಕೊನೇ ಫಲ, ಲೀಕ್ ಇರೋದು ಸಾಮಾನ್ಯವಾಗಿ ಮೇಲೆ ತೊಡೆಸಂದಲ್ಲಿ, ಗ್ರೇಟ್ ಸಫೀನಸ್ ಅನ್ನೋ ಉದ್ದ ನಾಳ ಆಳದ ನಾಳಕ್ಕೆ ಸೇರೋ ಜಾಗದಲ್ಲಿ. ಕೆಲವರಿಗೆ ಮಂಡಿ ಹಿಂದೆ ಸ್ಮಾಲ್ ಸಫೀನಸ್ಸಲ್ಲಿ, ಕೆಲವರಿಗೆ ಪರ್ಫೊರೇಟರ್ ಅನ್ನೋ ಅಡ್ಡ ನಾಳಗಳಲ್ಲಿ. ಎಲ್ಲಿ ಲೀಕು ಅಂತ ಗೊತ್ತಾಗದೆ ಉಬ್ಬಿದ್ದನ್ನಷ್ಟೇ ತೆಗೆದ್ರೆ ವಾಪಸ್ ಬರೋ ಸಾಧ್ಯತೆ ಜಾಸ್ತಿ.

ಅದಕ್ಕೆ ರೋಗೀನ ನಿಲ್ಲಿಸಬೇಕು, ಮೀನಖಂಡ ಹಿಂಡಿ ಬಿಡಬೇಕು, ರಕ್ತ ಎಷ್ಟು ಹೊತ್ತು ಹಿಂದಕ್ಕೆ ಹರಿಯುತ್ತೆ ನೋಡಬೇಕು. ಮೇಲಿನ ನಾಳಗಳಲ್ಲಿ ಅರ್ಧ ಸೆಕೆಂಡಿಗಿಂತ ಜಾಸ್ತಿ ಹರಿದ್ರೆ ಅದು ರಿಫ್ಲಕ್ಸ್. ರಿಪೋರ್ಟಲ್ಲಿ ಇಷ್ಟಿರಬೇಕು: ತೊಡೆಸಂದಿನ ಜಂಕ್ಷನ್ ಲೀಕಾ ಇಲ್ವಾ, ನಾಳದ ಅಗಲ ಎಷ್ಟು ಮಿಲಿಮೀಟರ್, ರಿಫ್ಲಕ್ಸ್ ಎಷ್ಟು ಸೆಕೆಂಡ್, ಎಲ್ಲಿಂದ ಎಲ್ಲಿವರೆಗೆ, ಮಂಡಿ ಹಿಂದಿನದು ಹೆಂಗಿದೆ, ಆಳದ ನಾಳ ಪೂರ್ತಿ ತೆರೆದಿದೆಯಾ. ಕೊನೇದು ಬಹಳ ಮುಖ್ಯ. ಆಳದ ನಾಳ ಹಿಂದೆಂದೋ ಮುಚ್ಚಿಕೊಂಡಿದ್ರೆ ಮೇಲಿನದೇ ಬದಲಿ ದಾರಿ ಆಗಿರುತ್ತೆ, ಅದನ್ನೂ ಸುಟ್ಟುಬಿಟ್ರೆ ಕಾಲು ಕೆಡುತ್ತೆ.

ಇನ್ನೊಂದು, ಪಾದದ ಗಂಟಿನ ಹತ್ರ ಚರ್ಮ ಕಪ್ಪಾಗಿ ಗಟ್ಟಿ ಆಗಿದೆ ಅಂದ್ರಲ್ಲ. ಸಿಇಎಪಿ ಅಂತ 0 ಇಂದ 6ರ ತನಕ ದರ್ಜೆ ಇದೆ. 1 ಅಂದ್ರೆ ಜೇಡರಬಲೆ ಥರದ ಸಣ್ಣ ಗೆರೆ, 2 ಅಂದ್ರೆ ಉಬ್ಬಿದ ನಾಳ, 3 ಊತ, 4 ಚರ್ಮ ಬದಲಾಗೋದು, 5 ವಾಸಿಯಾದ ಹುಣ್ಣು, 6 ತೆರೆದ ಹುಣ್ಣು. ನೀವು ಬರೆದಿದ್ದು ನೋಡಿದ್ರೆ ಎಡಗಾಲು 4 ಇರಬಹುದು, ಅದು ಅಂದ ಚಂದದ ವಿಷಯ ಅಲ್ಲ, ಮುಂದಕ್ಕೆ ಹಾಕ್ಬೇಡಿ. ಹಂಗಂತ ಈ ವಾರವೇ ಅಡ್ವಾನ್ಸ್ ಕಟ್ಟೋ ಅರ್ಜೆಂಟೂ ಇಲ್ಲ.

ಕಂಡಕ್ಟರ್_ಕೆಂಪುಬಸ್ಸು
ಸರ್ ಹೇಳಿದ 6 ನಾನೇ. ರಿಟೈರ್ ಆಗಿದೀನಿ. ಡ್ಯೂಟಿ ಮೇಲೆ ನಿಂತೂ ನಿಂತೂ ನರ ಎದ್ದಿತ್ತು, ನೋವಿಲ್ಲ ಅಂತ ಬಿಟ್ಟೆ, ಆಮೇಲೆ ಕಪ್ಪಾಯ್ತು, ಆಮೇಲೆ ಸಣ್ಣ ಗಾಯ, ಅದು ತಿಂಗಳುಗಟ್ಟಲೆ ಒಣಗಲೇ ಇಲ್ಲ. ಊರಲ್ಲಿರೋ ಆಯಿಂಟ್‌ಮೆಂಟೆಲ್ಲ ಹಚ್ಚಿದ್ವಿ. ಕೊನೆಗೆ ಒಬ್ರು ವ್ಯಾಸ್ಕುಲರ್ ಡಾಕ್ಟ್ರು ಮೊದಲು ಕಾಲಿಗೆ ಬಿಪಿ ಪಟ್ಟಿ ಕಟ್ಟಿ ಶುದ್ಧ ರಕ್ತ ಸರಿಯಾಗಿ ಬರ್ತಿದೆಯಾ ನೋಡಿದ್ರು, ಆಮೇಲೆ ಪದರ ಪದರವಾಗಿ ಬಿಗಿ ಬ್ಯಾಂಡೇಜು, ಆಮೇಲೆ ಮೇಲಿನ ಲೀಕ್ ಬಂದ್ ಮಾಡಿದ್ರು. ಆಮೇಲೇನೇ ಗಾಯ ಮುಚ್ಚಿದ್ದು.

ಇನ್ನೊಂದು ವಿಷಯ ಎಲ್ರೂ ತಿಳ್ಕೊಳ್ಳಿ. ಒಂದಿನ ಸ್ನಾನ ಮಾಡುವಾಗ ಉಬ್ಬಿದ ನರ ಒಡೆದು ರಕ್ತ ಪಿಚಕಾರಿ ಹಾರಿತು, ಬಚ್ಚಲೆಲ್ಲ ಕೆಂಪು, ಮನೆಯವಳು ಕಿರುಚಿಕೊಂಡಳು. ಮಗ ಮಂಡಿ ಮೇಲೆ ಹಗ್ಗ ಬಿಗಿಯೋಕೆ ಬಂದ. ಪಕ್ಕದ ಮನೆ ನರ್ಸಮ್ಮ ಬಂದು ಹಗ್ಗ ಬೇಡ ಅಂತ ಮಲಗಿಸಿ ಕಾಲು ಮೇಲೆತ್ತಿ ಬಟ್ಟೆ ಇಟ್ಟು ಅಮುಕಿ ಹಿಡಿದಳು, ಸ್ವಲ್ಪ ಹೊತ್ತಿಗೆ ನಿಂತಿತು. ನಿಂತ್ಕೊಂಡೇ ಇದ್ದಿದ್ರೆ ಕಥೆ ಬೇರೆ ಆಗ್ತಿತ್ತು ಅಂತ ಆಮೇಲೆ ಡಾಕ್ಟ್ರು ಅಂದ್ರು.

ಕಡಲತೀರದಕ್ಕ
ನಾನು ಮಂಗಳೂರಿನವಳು, ಈಗ ಇಂಗ್ಲೆಂಡಿನಲ್ಲಿ ನರ್ಸ್. ಕಂಡಕ್ಟರಣ್ಣ ಹೇಳಿದ್ದು ಸರಿ ಉಂಟು, ಮಲಗಿಸಿ ಕಾಲೆತ್ತಿ ಒತ್ತಿ ಹಿಡೀಬೇಕು ಅಷ್ಟೆ. ಇಲ್ಲಿ ಸರಕಾರಿ ವ್ಯವಸ್ಥೆಯಲ್ಲಿ ಯಾವ ಚಿಕಿತ್ಸೆ ಸರಿ ಅಂತ ಹೇಳುವ ನೈಸ್ ಅಂತ ಒಂದು ಸಂಸ್ಥೆ ಉಂಟು, ಅವರು 2013ರಲ್ಲೇ ಬರೆದಿಟ್ಟಿದ್ದಾರೆ: ಲೀಕ್ ಇರುವ ಮುಖ್ಯ ನಾಳಕ್ಕೆ ಮೊದಲ ಆಯ್ಕೆ ಲೇಸರ್ ಅಥವಾ ರೇಡಿಯೋ ತರಂಗದಿಂದ ಬಿಸಿ ಮಾಡುವ ಆರ್‌ಎಫ್‌ಎ, ಅದು ಆಗದಿದ್ದರೆ ನೊರೆ ಔಷಧಿಯ ಫೋಮ್ ಇಂಜೆಕ್ಷನ್, ಅದೂ ಆಗದಿದ್ದರೆ ಆಪರೇಷನ್. ಬರೀ ಸ್ಟಾಕಿಂಗ್ (ಬಿಗಿ ಕಾಲಚೀಲ) ಹಾಕಿ ಕಳಿಸುವುದು ಬೇರೆ ಯಾವುದೂ ಆಗದವರಿಗೆ ಮಾತ್ರ.

ಹುಣ್ಣಿನ ಬಗ್ಗೆ ಇಲ್ಲೇ ದೊಡ್ಡ ಸ್ಟಡಿ ಆಯಿತು, ಇವ್ರಾ ಅಂತ, 2018ರಲ್ಲಿ ಬಂತು. ಬ್ಯಾಂಡೇಜ್ ಕಟ್ಟುತ್ತಾ ಬೇಗನೇ ಲೀಕ್ ಮುಚ್ಚಿದವರಲ್ಲಿ ಅರ್ಧ ಜನರ ಹುಣ್ಣು 56 ದಿನದೊಳಗೆ ಮಾಗಿತು, ಕಾದು ನೋಡಿದವರಲ್ಲಿ ಅರ್ಧ ಜನರದ್ದು ಮಾಗಲು 82 ದಿನ. ಅದಕ್ಕೇ ಹುಣ್ಣು ಒಣಗಲಿ ಆಮೇಲೆ ನೋಡುವ ಅಂತ ಕೂರಬಾರದು ಮಾರಾಯ್ರೆ.

ಮತ್ತೆ ಇಲ್ಲಿ ಎಲ್ಲ ಸ್ವರ್ಗ ಅಂತ ತಿಳ್ಕೊಳ್ಬೇಡಿ. ಬರೀ ನೋಡ್ಲಿಕ್ಕೆ ಚಂದ ಇಲ್ಲ ಅಂತ ಹೋದ್ರೆ ಸರಕಾರಿ ಖರ್ಚಲ್ಲಿ ಮಾಡುವುದಿಲ್ಲ, ಕಾಯುವ ಪಟ್ಟಿಯೂ ಉದ್ದ.

ಬೆಣ್ಣೆದೋಸೆ_ದಾವಣಗೆರೆ
ಎಲ್ರಿಗೂ ಥ್ಯಾಂಕ್ಸ್. ಒಂದು ಡೌಟು, ಅಪ್ಪಾನೇ ಕೇಳ್ತಿರೋದು: "ನರ ಸುಟ್ಟು ಮುಚ್ಚಿದ್ರೆ ರಕ್ತ ಎಲ್ಲಿಂದ ಹೋಗುತ್ತೆ? ನಾಳೆ ಹಾರ್ಟಿಗೆ ಬೈಪಾಸ್ ಬೇಕು ಅಂದ್ರೆ ಕಾಲಿಂದಲೇ ನರ ತೆಗಿತಾರಂತಲ್ಲ, ಆಗೇನು ಮಾಡೋದು?" ಛತ್ರದಲ್ಲಿ ಯಾರೋ ತಲೆಗೆ ತುಂಬಿದಾರೆ.

ಸ್ಕ್ಯಾನ್_ರೂಮು
ಒಳ್ಳೇ ಪ್ರಶ್ನೆ, ನಿಮ್ಮಪ್ಪ ಚುರುಕಿದಾರೆ. ಕಾಲಿನ ರಕ್ತದಲ್ಲಿ ಸುಮಾರು ತೊಂಬತ್ತು ಭಾಗ ಆಳದ ನಾಳಗಳಲ್ಲೇ ಮೇಲಕ್ಕೆ ಹೋಗೋದು. ಕೆಟ್ಟ ನಾಳ ರಕ್ತ ಸಾಗಿಸ್ತಿಲ್ಲ, ಬಂದಿದ್ದನ್ನ ವಾಪಸ್ ಸುರೀತಿದೆ, ಅದನ್ನ ಮುಚ್ಚಿದ್ರೆ ಕಾಲಿಗೆ ಹಗುರ. ಬೈಪಾಸಿಗೆ ಬೇಕಾಗೋದು ಆರೋಗ್ಯವಾಗಿರೋ ಸಮ ಅಗಲದ ನಾಳ, ಹಿಗ್ಗಿ ಸುತ್ತಿಕೊಂಡಿದ್ದು ಸಾಮಾನ್ಯವಾಗಿ ಅದಕ್ಕೆ ಬರಲ್ಲ. ಇನ್ನೊಂದು ಕಾಲು ಇದೆ, ಎದೆಯೊಳಗಿನ, ಕೈಯಿನ ನಾಳ ಬಳಸೋದೂ ಇದೆ. ಆದ್ರೆ ಇದೇ ಕಾರಣಕ್ಕೆ ಚೆನ್ನಾಗಿರೋ ಬಲಗಾಲಿನ ನಾಳಾನ ಪ್ಯಾಕೇಜಲ್ಲಿ ಸೇರಿಸಿ ಸುಡಿಸಬೇಡಿ.

ಮಲ್ನಾಡ್_ಗೌಡ
ನಾನು ಹೇಳಿದ್ರೆ ನಗ್ತೀರ, ಆದ್ರೂ ಹೇಳ್ತೀನಿ. ನಮ್ಮತ್ತೆಗೆ ಜಿಗಣೆ ಬಿಡಿಸಿದ್ವಿ, ಆಯುರ್ವೇದದವರ ಹತ್ರ. ನೋವು, ಭಾರ ಕಮ್ಮಿ ಆಯ್ತು. ಮಳೆಗಾಲದಲ್ಲಿ ತೋಟಕ್ಕೆ ಹೋದ್ರೆ ನಮಗೆ ಜಿಗಣೆ ಪುಕ್ಕಟೆ, ಅಲ್ಲಿ ದುಡ್ಡು ಕೊಟ್ವಿ, ಅದು ಬೇರೆ ಮಾತು. ಎಲ್ಲದಕ್ಕೂ ಲೇಸರ್ ಲೇಸರ್ ಅನ್ನೋದು ಯಾಕೆ?

ಸ್ಕ್ಯಾನ್_ರೂಮು
ಗೌಡ್ರೇ ನಗಲ್ಲ. ಸ್ವಲ್ಪ ದಿನ ಭಾರ ಕಮ್ಮಿ ಅನ್ನಿಸಿರಬಹುದು. ಆದ್ರೆ ತೊಡೆಸಂದಿನ ವಾಲ್ವ್ ಅದರಿಂದ ರಿಪೇರಿ ಆಗಲ್ಲ, ಅತ್ತೆಯವರನ್ನ ನಿಲ್ಲಿಸಿ ಸ್ಕ್ಯಾನ್ ಮಾಡಿದ್ರೆ ರಿಫ್ಲಕ್ಸ್ ಹಾಗೇ ಇರುತ್ತೆ. ಈ ಕೇಸಲ್ಲಿ ಶುಗರ್ ಬೇರೆ ಇದೆ, ಚರ್ಮ ಆಗ್ಲೇ ಕೆಟ್ಟಿದೆ, ಅಂಥ ಜಾಗಕ್ಕೆ ಹೊಸ ಗಾಯ ಮಾಡೋದು ನನಗೆ ಒಪ್ಪಿಗೆ ಇಲ್ಲ. ಎಣ್ಣೆ ಹಚ್ಚಿ ಜೋರಾಗಿ ನೀವೋದೂ ಬೇಡ. ನರ ಗಟ್ಟಿಯಾಗಿ ಕೆಂಪಾಗಿ ನೋಯ್ತಿದ್ರೆ ಒಳಗೆ ರಕ್ತ ಹೆಪ್ಪುಗಟ್ಟಿರುತ್ತೆ, ಆಗಂತೂ ಮುಟ್ಟಲೇಬೇಡಿ, ಡಾಪ್ಲರ್ ಮಾಡಿಸಿ.

ಮಲ್ನಾಡ್_ಗೌಡ
ಸರಿ ಬಿಡಿ, ಶುಗರ್ ಇರೋರಿಗೆ ಬೇಡ ಅನ್ನೋದು ಒಪ್ಪಿದೆ. ಮಿಕ್ಕಿದ್ದಕ್ಕೆ ಅತ್ತೆ ಸಾಕ್ಷಿ.

ಟೀಚರಮ್ಮ_ತುಮಕೂರು
ಗಮ್ ಬಗ್ಗೆ ನಾನು ಹೇಳ್ತೀನಿ, ನಂಗೆ ಅದೇ ಮಾಡಿದ್ದು. ಸೈನೋಅಕ್ರಿಲೇಟ್ ಅಂತಾರೆ, ಸಣ್ಣ ಟ್ಯೂಬಲ್ಲಿ ನಾಳದೊಳಗೆ ಅಂಟು ಬಿಟ್ಟು ಮೇಲಿಂದ ಒತ್ತಿ ಮುಚ್ಚೋದು. ಚೆನ್ನಾಗಿರೋದು ಏನಂದ್ರೆ ಲೇಸರ್ ಥರ ತೊಡೆಯುದ್ದಕ್ಕೂ ಅರಿವಳಿಕೆ ನೀರಿನ ಸೂಜಿ ಚುಚ್ಚಲ್ಲ, ಬಿಸಿ ಇಲ್ಲದ್ದರಿಂದ ಪಕ್ಕದ ಸ್ಪರ್ಶದ ನರಕ್ಕೆ ಸುಟ್ಟ ಏಟಾಗಲ್ಲ, ಸ್ಟಾಕಿಂಗೂ ಕಡ್ಡಾಯ ಅನ್ನಲಿಲ್ಲ. ಆದ್ರೆ ಒಂದು ವಾರ ಆದ್ಮೇಲೆ ತೊಡೆ ಒಳಗಡೆ ಉದ್ದಕ್ಕೆ ಕೆಂಪು ಪಟ್ಟಿ, ಉರಿ, ಏನು ನವೆ ಅಂತೀರ, ಕ್ಲಾಸಲ್ಲಿ ಮಕ್ಕಳ ಮುಂದೆ ಕೆರ್ಕೊಳ್ಳೋಕೂ ಆಗಲ್ಲ. ಅಲರ್ಜಿ ಮಾತ್ರೆ ಕೊಟ್ರು, ಇಳೀತು. ಕೆಲವರಿಗೆ ಇಂಥ ರಿಯಾಕ್ಷನ್ ಬರುತ್ತೆ ಅಂತ ಮೊದಲೇ ಒಂದು ಮಾತು ಹೇಳಿದ್ರೆ ನಾನು ಅಷ್ಟು ಗಾಬರಿ ಆಗ್ತಿರ್ಲಿಲ್ಲ. ಅಂಟು ಶಾಶ್ವತವಾಗಿ ಒಳಗೇ ಇರುತ್ತೆ ಅನ್ನೋದೂ ನೆನಪಿರಲಿ. ನಿಮ್ಮ ತಂದೆಗೆ ಅಂಟಿನಿಂದ, ಪ್ಲಾಸ್ಟರಿಂದ ಅಲರ್ಜಿ ಇದ್ರೆ ಮೊದಲೇ ಹೇಳಿ. ದುಡ್ಡಂತೂ ಲೇಸರಿಗಿಂತ ಜಾಸ್ತೀನೇ ಹೇಳಿದ್ರು.

ಹುಬ್ಬಳ್ಳಿ_ಮಂದಿ
ಅದಕ್ಕ ಹೇಳೂದು ಲೇಸರೇ ಛೊಲೋ ಅಂತ ಅಕ್ಕಾರ.

ಟೀಚರಮ್ಮ_ತುಮಕೂರು
ಅಣ್ಣ, ನಿಮಗೆ ಛಲೋ ಆಯ್ತು ಅಂತ ಎಲ್ರಿಗೂ ಆಗಬೇಕಾ? ನಮ್ಮ ಸ್ಕೂಲಲ್ಲೇ ಇನ್ನೊಬ್ಬರಿಗೆ ಲೇಸರ್ ಮಾಡಿ ಮಂಡಿ ಕೆಳಗೆ ಒಳಗಡೆ ಜೋಮು ಹಿಡಿದಂಗೆ ಇನ್ನೂ ಇದೆ. ನಂಗೆ ಕೆರೆತ ಬಂದು ಹೋಯ್ತು, ಅವ್ರಿಗೆ ಜೋಮು ಉಳೀತು. ಏನು ಆಗಬಹುದು ಅಂತ ಮೊದಲೇ ಹೇಳಿದ ಡಾಕ್ಟ್ರು ನಂಗೆ ಒಳ್ಳೇವ್ರು, ಮಷೀನ್ ಯಾವುದಾದ್ರೂ ಆಗ್ಲಿ.

ಸ್ಕ್ಯಾನ್_ರೂಮು
ಇಬ್ರದ್ದೂ ಸರಿ. ಮಂಡಿ ಕೆಳಗೆ ಸಫೀನಸ್ ನಾಳಕ್ಕೆ ಅಂಟ್ಕೊಂಡೇ ಸ್ಪರ್ಶದ ನರ ಹೋಗುತ್ತೆ, ಬಿಸಿ ತಾಗಿದ್ರೆ ಜೋಮು. ಅದಕ್ಕೇ ತುಂಬಾ ಜನ ಮಂಡಿ ಸುತ್ತಮುತ್ತಲಿಗೇ ಬಿಸಿ ನಿಲ್ಲಿಸಿ, ಕೆಳಗಿನ ಉಬ್ಬುಗಳನ್ನ ಸಣ್ಣ ತೂತಲ್ಲಿ ಕೊಕ್ಕೆ ಹಾಕಿ ತೆಗೀತಾರೆ, ಇಲ್ಲಾ ಫೋಮ್ ಹಾಕ್ತಾರೆ.

ಲೇಸರ್, ಆರ್‌ಎಫ್‌ಎ ಎರಡೂ ಒಳಗಿಂದ ಬಿಸಿ ಕೊಟ್ಟು ಮುಚ್ಚೋದೇ. ಆರ್‌ಎಫ್‌ಎ ಕ್ಯಾಥೆಟರ್ 120 ಡಿಗ್ರಿಗೆ ಬಿಸಿ ಆಗಿ 20 ಸೆಕೆಂಡಿಗೆ ಒಂದೊಂದು ತುಂಡು ಮುಚ್ಚುತ್ತೆ. ಲೇಸರಲ್ಲಿ ಹಳೇ 810, 980 ನ್ಯಾನೋಮೀಟರಿನವು ನೋವು, ಚರ್ಮ ಕಂದೋದು ಜಾಸ್ತಿ ಮಾಡ್ತಿದ್ವು, ಈಗಿನ 1470ರ ರೇಡಿಯಲ್ (ಸುತ್ತಲೂ ಬೆಳಕು ಚೆಲ್ಲೋ) ಫೈಬರ್ ಬಂದ್ಮೇಲೆ ಆರ್‌ಎಫ್‌ಎಗೂ ಅದಕ್ಕೂ ದೊಡ್ಡ ವ್ಯತ್ಯಾಸ ಉಳಿದಿಲ್ಲ. ಫೋಮ್ ಅಗ್ಗ, ಔಷಧಿ ಪಾಲಿಡೋಕ್ಯಾನಾಲ್ ಇಲ್ಲಾ ಎಸ್‌ಟಿಎಸ್, ಗಾಳಿ ಜೊತೆ ನೊರೆ ಮಾಡಿ ಬಿಡೋದು, ಆದ್ರೆ ಅಗಲ ನಾಳಕ್ಕೆ ಒಂದೇ ಸಿಟ್ಟಿಂಗಲ್ಲಿ ನಿಲ್ಲಲ್ಲ, ಕಂದು ಗೆರೆ ಉಳಿಬಹುದು. ಊರಿನ ಸರ್ಜನ್ ಹೇಳಿದ ಸ್ಟ್ರಿಪ್ಪಿಂಗನ್ನ (ನಾಳ ಎಳೆದು ತೆಗೆಯೋದು) ಹಳೇದು ಅಂತ ಬಿಸಾಕಬೇಡಿ. ಕೈ ಪಳಗಿರೋರು ಮಾಡಿದ್ರೆ ಫಲಿತಾಂಶ ಚೆನ್ನಾಗೇ ಇರುತ್ತೆ, ಕೊಯ್ದ ಗಾಯ, ನೋವು, ರೆಸ್ಟು ಜಾಸ್ತಿ ಅಷ್ಟೇ. ದುಡ್ಡಿಲ್ಲದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಇವತ್ತಿಗೂ ಅದೇ ಕಾಪಾಡ್ತಿರೋದು.

ರಾಯಚೂರು_ಬಿಸ್ಲು
ಸ್ಟಾಕಿಂಗ್ ಬಗ್ಗೆ ಯಾರಾದ್ರೂ ಹೇಳ್ರಿ. ನಮ್ಮ ಕಡೆ ಬ್ಯಾಸಿಗ್ಯಾಗ ನಲವತ್ತು ಡಿಗ್ರಿ ದಾಟತದ, ಆ ಕಾಲಚೀಲ ಹಾಕ್ಕೊಂಡ್ರ ಕಾಲು ಬೆಂದು ಹೋಗತದ. ಡಾಕ್ಟ್ರು ಬಿಗಿ ಎಷ್ಟಿರಬೇಕು ಅನ್ನೂದಕ್ಕ ಕ್ಲಾಸ್ ಟೂ ಅಂತ ಬರದಾರ, ಮೆಡಿಕಲ್ ಶಾಪಿನಾಂವ ಎಲ್ ಸೈಜು ಕೊಟ್ಟಾನ, ಮಂಡಿ ಹಿಂದ ಸುರುಳಿ ಆಗಿ ಕೊರಿಲಾಕತ್ತದ.

ಕಡಲತೀರದಕ್ಕ
ಅಣ್ಣ, ಅಂಗಡಿಯವ ಅಂದಾಜಿಗೆ ಕೊಟ್ಟದ್ದು ಹಾಕಬೇಡಿ. ಬೆಳಿಗ್ಗೆ ಎದ್ದ ಕೂಡ್ಲೆ ಊತ ಬರುವ ಮೊದಲು ಪಾದದ ಗಂಟು, ಮೀನಖಂಡ ಅಳತೆ ತೆಗೀಬೇಕು, ಆ ಅಳತೆಗೆ ಸೈಜು. ಸುರುಳಿಯಾಗಿ ಕೊರೆಯುವುದು ಅಪಾಯ, ಅದೇ ಹಗ್ಗ ಕಟ್ಟಿದ ಹಾಗಾಗ್ತದೆ. ಮಂಡಿ ಕೆಳಗಿನದ್ದೇ ಹೆಚ್ಚಿನವರಿಗೆ ಸಾಕು, ಸೆಕೆಗೂ ಅದು ಸಲೀಸು, ಡಾಕ್ಟರತ್ರ ಕೇಳಿ. ಮಲಗುವಾಗ ತೆಗೀಬಹುದು. ಶುಗರ್ ಇದ್ದವರು, ಬೀಡಿ ಸಿಗರೇಟು ಸೇದುವವರು ಮೊದಲು ಕಾಲಿನ ಬಿಪಿ ನೋಡಿಸದೆ ಬಿಗಿ ಸ್ಟಾಕಿಂಗ್ ಹಾಕಲೇಬಾರದು. ಶುದ್ಧ ರಕ್ತದ ನಾಳ ಕಟ್ಟಿಕೊಂಡಿದ್ರೆ ಬೆರಳು ಕಪ್ಪಾಗ್ತದೆ. ದಾವಣಗೆರೆ ತಮ್ಮ, ನಿಮ್ಮ ಅಪ್ಪನಿಗೂ ಇದು ಅನ್ವಯ.

ಪಾಲಿಸಿ_ಭಟ್ಟ
ನಾನು ಆಸ್ಪತ್ರೆ ಇನ್ಶೂರೆನ್ಸ್ ಡೆಸ್ಕಲ್ಲಿ ಕೂರೋನು, ಈ ಕಾಯಿಲೆ ಕ್ಲೇಮು ದಿನಾ ನೋಡ್ತೀನಿ. ಸ್ವಂತವಾಗಿ ತಗೊಂಡ ಪಾಲಿಸಿಗಳಲ್ಲಿ ವೆರಿಕೋಸ್ ವೇನ್ಸ್ ಹೆಸರು ಹಾಕೇ ಕಾಯೋ ಅವಧಿ ಇರುತ್ತೆ, ಸಾಮಾನ್ಯವಾಗಿ ಎರಡು ವರ್ಷ. ಹೋದ ತಿಂಗಳು ಪಾಲಿಸಿ ಮಾಡಿಸಿ ಈ ತಿಂಗಳು ಲೇಸರ್ ಅಂದ್ರೆ ಆಗಲ್ಲ. ಕಂಪನಿ ಕೊಡೋ ಗ್ರೂಪ್ ಪಾಲಿಸಿಯಲ್ಲಿ ಅಪ್ಪ ಅಮ್ಮನ ಹೆಸರಿದ್ರೆ ಆ ಕಾಯೋ ಷರತ್ತು ಹೆಚ್ಚಾಗಿ ಇರಲ್ಲ, ಎಚ್‌ಆರ್ ಹತ್ರ ಪಾಲಿಸಿ ಕಾಪಿ ಕೇಳಿ ಓದಿ. ಒಂದು ದಿನ ಪೂರ್ತಿ ಅಡ್ಮಿಟ್ ಆಗದಿದ್ರೂ ಡೇ ಕೇರ್ ಪಟ್ಟಿಯಲ್ಲಿದ್ರೆ ಸಿಗುತ್ತೆ. ರಿಜೆಕ್ಟ್ ಆಗೋದು ಹೆಚ್ಚಾಗಿ ಏನಕ್ಕಂದ್ರೆ ಡಾಪ್ಲರ್ ರಿಪೋರ್ಟಲ್ಲಿ ರಿಫ್ಲಕ್ಸ್ ಅಂತ ಬರೆದಿರಲ್ಲ, ಆಗ ಕಾಸ್ಮೆಟಿಕ್ ಅಂದ್ಬಿಡ್ತಾರೆ. ಸ್ಕ್ಯಾನ್ ಸಾರ್ ಹೇಳಿದ ಆ ಅಳತೆಗಳೇ ಇಲ್ಲೂ ದುಡ್ಡು ಕೊಡಿಸೋದು.

ಬಿಪಿಎಲ್ ಕಾರ್ಡಿದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎಪಿಎಲ್ ಆದ್ರೆ ಪ್ಯಾಕೇಜ್ ದರದ ಶೇಕಡ 30 ಯೋಜನೆಯವರು ಕೊಡ್ತಾರೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗಲ್ಲ ಅಂದ್ರೆ ರೆಫರಲ್ ಬರೆದು ಕೊಡ್ತಾರೆ. ನಿಮಗೆ ಚಿಗಟೇರಿ ಜಿಲ್ಲಾಸ್ಪತ್ರೆ. ಯಾವ ಪ್ರೊಸೀಜರ್ ಪಟ್ಟಿಯಲ್ಲಿದೆ ಅಂತ ಅಲ್ಲಿರೋ ಆರೋಗ್ಯಮಿತ್ರರನ್ನ (ಯೋಜನೆಯ ಸಹಾಯಕರು) ಕೇಳಿ, ನನ್ನಂಥೋರ ಮಾತು ಕೇಳಿ ಲೆಕ್ಕ ಹಾಕ್ಬೇಡಿ.

ಆ ಫೋನ್ ಮಾಡೋ ಕ್ಲಿನಿಕ್ ಥರದ್ದರಲ್ಲಿ ಇನ್ನೊಂದು ಆಟ ಇದೆ. ನಿಮ್ಮ ಜೊತೆ ಮಾತಾಡೋಳು ಕೋಆರ್ಡಿನೇಟರ್, ಡಾಕ್ಟ್ರಲ್ಲ, ಟಾರ್ಗೆಟ್ ಇರುತ್ತೆ ಪಾಪ. ಸರ್ಜನ್ ಯಾರು ಅಂತ ಆಪರೇಷನ್ ದಿನ ಗೊತ್ತಾಗುತ್ತೆ, ಮಾಡಿ ಹೋದ್ಮೇಲೆ ತೊಂದ್ರೆ ಆದ್ರೆ ಯಾರನ್ನ ಕೇಳ್ತೀರ? ಮಾಡೋರ ಹೆಸರು, ಓದು ಮೊದಲೇ ಕೇಳಿ.

ಬೆಣ್ಣೆದೋಸೆ_ದಾವಣಗೆರೆ
ಓದು ಅಂದ್ರೆ ಏನಿರಬೇಕು ಸರ್? ಬೋರ್ಡಲ್ಲಿ ಎಲ್ರೂ ಲೇಸರ್ ಸ್ಪೆಷಲಿಸ್ಟ್ ಅಂತಾನೇ ಹಾಕಿರ್ತಾರೆ.

ಸ್ಕ್ಯಾನ್_ರೂಮು
ಲೇಸರ್ ಸ್ಪೆಷಲಿಸ್ಟ್ ಅಂತ ಡಿಗ್ರಿ ಯಾವ ಯೂನಿವರ್ಸಿಟೀಲೂ ಇಲ್ಲ. ವ್ಯಾಸ್ಕುಲರ್ ಸರ್ಜನ್ ಆದ್ರೆ ಎಂಸಿಎಚ್ ವ್ಯಾಸ್ಕುಲರ್, ಇಲ್ಲಾ ಡಿಎನ್‌ಬಿ ಪೆರಿಫೆರಲ್ ವ್ಯಾಸ್ಕುಲರ್ ಸರ್ಜರಿ (ಈಗ ಡಿಆರ್‌ಎನ್‌ಬಿ ಅಂತಾರೆ). ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಕೂಡ ಮಾಡ್ತಾರೆ, ರೇಡಿಯಾಲಜಿ ಓದಿ ಆಮೇಲೆ ಅದರಲ್ಲೇ ಟ್ರೈನಿಂಗ್ ಆದವರು, ನಮ್ಮ ಜಾತಿ ಅಂತ ಹೊಗಳ್ತಿಲ್ಲ, ಸೂಜಿ, ಸ್ಕ್ಯಾನ್ ಕೈಯಲ್ಲೇ ಇರುತ್ತೆ. ಎಂಎಸ್ ಜನರಲ್ ಸರ್ಜನ್ನಲ್ಲೂ ಇದನ್ನೇ ವರ್ಷಗಟ್ಟಲೆ ಮಾಡಿ ಪಳಗಿರೋರು ಇದಾರೆ. ಬೆಂಗಳೂರಲ್ಲಿ ಜೈನ್ ಇನ್‌ಸ್ಟಿಟ್ಯೂಟ್ ಆಫ್ ವ್ಯಾಸ್ಕುಲರ್ ಸೈನ್ಸಸ್ ಈ ನಾಳಗಳಿಗೇ ಇರೋ ಜಾಗ, ವೆಲ್ಲೂರಿನ ಸಿಎಂಸಿಯಲ್ಲಿ ವ್ಯಾಸ್ಕುಲರ್ ವಿಭಾಗ ಬೇರೆಯೇ ಇದೆ. ಹಂಗಂತ ಅಲ್ಲೇ ಆಗಬೇಕು ಅಂತಿಲ್ಲ.

ನಾನಾದ್ರೆ ಡಾಕ್ಟ್ರನ್ನ ಹೀಗೆ ಕೇಳ್ತೀನಿ: ನನ್ನ ಅಪ್ಪನ ಕಾಲಲ್ಲಿ ಲೀಕ್ ಎಲ್ಲಿದೆ, ಸ್ಕ್ರೀನಲ್ಲಿ ತೋರಿಸಿ. ನಿಮ್ಮ ಹತ್ರ ಲೇಸರ್ ಬಿಟ್ಟು ಬೇರೆ ಯಾವುದು ಇದೆ? ಇದನ್ನೇ ಯಾಕೆ ಆರಿಸಿದ್ರಿ? ವಾಪಸ್ ಬಂದ್ರೆ ಏನು ಮಾಡ್ತೀರ? ಜೀವಮಾನ ಗ್ಯಾರಂಟಿ ಅಂದೋರ ಹತ್ರ ಎದ್ದು ಬನ್ನಿ, ಯಾವ ವಿಧಾನದಲ್ಲೂ ಮತ್ತೆ ಬರೋ ಸಾಧ್ಯತೆ ಇದೆ, ಈ ನಾಳ ಮುಚ್ಚಿದ್ರೂ ಬೇರೆ ನಾಳ ಲೀಕ್ ಆಗಬಹುದು.

ಪಾಲಿಸಿ_ಭಟ್ಟ
ನಾನೊಂದು ಸೇರಿಸ್ತೀನಿ. ಫೈಬರ್, ಕ್ಯಾಥೆಟರ್ ಒಬ್ಬರಿಗೆ ಒಂದೇ ಸಲ ಬಳಸೋಕೆ ಅಂತಾನೇ ಕಂಪನಿ ಸೀಲ್ ಮಾಡಿ ಕೊಡೋದು. ಹೊಸ ಪ್ಯಾಕ್ ಒಡೀತೀರಾ, ಸ್ಟಿಕ್ಕರ್ ಫೈಲಿಗೆ ಅಂಟಿಸ್ತೀರಾ ಅಂತ ಕೇಳಿ. ಮುಖ ಸಿಂಡರಿಸಿದ್ರೆ ಅಲ್ಲೇ ಅರ್ಥ ಮಾಡ್ಕೊಳ್ಳಿ. ಎಸ್ಟಿಮೇಟಲ್ಲಿ ಓಟಿ ಚಾರ್ಜು, ಅರಿವಳಿಕೆ, ಸ್ಟಾಕಿಂಗು, ಆಮೇಲಿನ ಸ್ಕ್ಯಾನು ಎಲ್ಲ ಸೇರಿದೆಯಾ ಅಂತ ಬರೆಸ್ಕೊಳ್ಳಿ.

ಹೊಸಮ್ಮ_ಮೈಸೂರು
ಮಧ್ಯೆ ಬಂದೆ, ಸಾರಿ. ನಂಗೆ ಏಳು ತಿಂಗಳು, ಎರಡೂ ಕಾಲಲ್ಲಿ ನೀಲಿ ನರ ಎದ್ದಿದೆ. ಅಮ್ಮ ಇದಕ್ಕೂ ಲೇಸರ್ ಮಾಡ್ಸು ಅಂತಿದಾರೆ, ಭಯ ಆಗ್ತಿದೆ.

ಕಡಲತೀರದಕ್ಕ
ಹೆದರಬೇಡ ತಂಗಿ. ಬಸುರಿಯಲ್ಲಿ ಬರುವುದು ಸಾಮಾನ್ಯ, ಹೆರಿಗೆ ಆಗಿ ಕೆಲವು ತಿಂಗಳಲ್ಲಿ ಎಷ್ಟೋ ಇಳಿಯುತ್ತದೆ, ಅಲ್ಲಿವರೆಗೆ ಯಾರೂ ಲೇಸರ್ ಮಾಡುವುದಿಲ್ಲ. ಎಡಮಗ್ಗುಲಲ್ಲಿ ಮಲಗು, ಕಾಲು ಸ್ವಲ್ಪ ಎತ್ತರಕ್ಕಿಡು, ಸ್ಟಾಕಿಂಗ್ ಬೇಕಾ ಅಂತ ನಿನ್ನ ಡಾಕ್ಟರತ್ರ ಕೇಳು. ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿ ನೋವು ಬಂದ್ರೆ, ಉಸಿರು ಕಟ್ಟಿದ ಹಾಗಾದ್ರೆ ಮಾತ್ರ ರಾತ್ರಿಯಾದ್ರೂ ಸರಿ ಆಸ್ಪತ್ರೆಗೆ ಓಡು.

ಬೆಣ್ಣೆದೋಸೆ_ದಾವಣಗೆರೆ
ಅಪ್ಡೇಟ್. ಬೆಂಗಳೂರಲ್ಲೇ ಬೇರೆ ವ್ಯಾಸ್ಕುಲರ್ ಸರ್ಜನ್ ಹತ್ರ ಹೋಗಿ ಬಂದ್ವಿ. ಅವ್ರೇ ಅಪ್ಪನ್ನ ಸ್ಟೂಲ್ ಮೇಲೆ ನಿಲ್ಲಿಸಿ ಸ್ಕ್ಯಾನ್ ಮಾಡಿದ್ರು, ಹಿಂಡಿ ಬಿಟ್ಟಾಗ ಸ್ಕ್ರೀನಲ್ಲಿ ಬಣ್ಣ ಉಲ್ಟಾ ಹೋಗೋದನ್ನ ಅಪ್ಪಂಗೇ ತೋರಿಸಿದ್ರು. ಎಡಗಾಲಲ್ಲಿ ತೊಡೆಸಂದಿನ ಜಂಕ್ಷನ್ ಲೀಕು, ನಾಳ 9 ಮಿಲಿಮೀಟರ್, ರಿಫ್ಲಕ್ಸ್ ಎರಡು ಸೆಕೆಂಡಿಗೂ ಮೇಲೆ. ಆಳದ ನಾಳ ಚೆನ್ನಾಗಿದೆ. ಕಾಲಿನ ಬಿಪಿನೂ ನೋಡಿದ್ರು, ಸರಿಯಿದೆ. ಬಲಗಾಲಲ್ಲಿ ಮುಖ್ಯ ನಾಳದಲ್ಲಿ ಲೀಕೇ ಇಲ್ಲ, ಮೇಲೆ ಕಾಣೋ ಎರಡು ಕವಲು ಅಷ್ಟೇ, ಮುಟ್ಟೋದು ಬೇಡ ಅಂದ್ರು. ಎರಡೂ ಕಾಲಿನ ಪ್ಯಾಕೇಜಿನವರಿಗೆ ಈ ರಿಪೋರ್ಟ್ ಕಳಿಸಿದೆ, ಅದಾದ್ಮೇಲೆ ಫೋನೇ ಇಲ್ಲ.

ಆರ್‌ಎಫ್‌ಎ ಮತ್ತೆ ಕೆಳಗಿನ ಉಬ್ಬುಗಳಿಗೆ ಸಣ್ಣ ತೂತಿನ ಕೊಕ್ಕೆ, ಒಂದೇ ದಿನ. ಗಮ್ ಯಾಕೆ ಬೇಡ ಅಂದ್ರೆ, ಅಪ್ಪಂಗೆ ಬ್ಯಾಂಡೇಜ್ ಪಟ್ಟಿ ಹಾಕಿದ್ರೆ ಚರ್ಮ ಕೆಂಪಾಗುತ್ತೆ ಅಂತ ಹೇಳಿದ್ವಿ, ಟೀಚರಮ್ಮಂಗೆ ದೊಡ್ಡ ಥ್ಯಾಂಕ್ಸ್. ಊರಿನ ಸರ್ಜನ್ನಿಗೂ ರಿಪೋರ್ಟ್ ತೋರಿಸಿದೆ, ಅವ್ರು ಬೇಜಾರು ಮಾಡ್ಕೊಳ್ಳದೆ "ನನ್ನ ಹತ್ರ ಆ ಮಷೀನಿಲ್ಲ, ಅಲ್ಲೇ ಮಾಡ್ಸಿ, ಡ್ರೆಸ್ಸಿಂಗ್ ಚೆಕ್ಕಪ್ ನನ್ನ ಹತ್ರ ಬನ್ನಿ" ಅಂದ್ರು. ನನ್ನ ಕಂಪನಿ ಪಾಲಿಸಿಯಲ್ಲಿ ಅಪ್ಪನ ಹೆಸರಿದೆ, ಅಪ್ರೂವಲ್ ಕಳಿಸಿದೀವಿ.

ಈಗ ಎರಡು ಪ್ರಶ್ನೆ. ಮಾಡ್ಸಿದ್ಮೇಲೆ ದಾವಣಗೆರೆಗೆ ಸುಮಾರು 260 ಕಿಲೋಮೀಟರ್, ಹೆಂಗೆ ಕರ್ಕೊಂಡು ಬರೋದು? ಅಪ್ಪ ಒಲೆ ಮುಂದೆ ಯಾವಾಗ ನಿಲ್ಲಬಹುದು?

ಹುಬ್ಬಳ್ಳಿ_ಮಂದಿ
ನಾ ಒಂದ ರಾತ್ರಿ ಅಲ್ಲೇ ಉಳದು ಮರುದಿನ ಟ್ರೇನಿಗೆ ಬಂದೆ, ಬಸ್ಸಿಗಿಂತ ಟ್ರೇನ್ ಬೇಷಿ, ಎದ್ದು ಓಡ್ಯಾಡಾಕ ಬರ್ತದ. ಕಾರಾದ್ರ ತುಮಕೂರು, ಚಿತ್ರದುರ್ಗ ಹತ್ರ ಇಳಿಸಿ ನಡಸು, ನೀರು ಕುಡಸು. ಹಾಸಿಗಿ ಮ್ಯಾಲ ಮಲಗಿಸಿ ಸೇವಾ ಮಾಡಾಕ ಹೋಗಬ್ಯಾಡ, ಇದರಾಗ ನಡಿಯೂದೇ ಔಷಧ. ಕೆಲಸಕ್ಕ ನಾ ಒಂದ ವಾರಕ್ಕ ಹೋದೆ, ಆದ್ರ ನಂದು ಸೀರಿ ಮಡಚೂ ಕೆಲಸ, ನಿಮ್ಮಪ್ಪಂದು ಕೊಪ್ಪರಿಗಿ ಎತ್ತೂದು.

ಸ್ಕ್ಯಾನ್_ರೂಮು
ಹೌದು, ಭಾರ ಎತ್ತೋದು ಯಾವಾಗ ಅನ್ನೋದನ್ನ ಮಾಡಿದ ಡಾಕ್ಟ್ರೇ ಹೇಳಬೇಕು. ಮಾಡಿಸಿದ ಮೊದಲ ವಾರ, ಹತ್ತು ದಿನದೊಳಗೆ ಒಂದು ಡಾಪ್ಲರ್ ಇಡ್ತಾರಾ ಕೇಳಿ. ಮುಚ್ಚಿದ ನಾಳದಿಂದ ಹೆಪ್ಪು ಆಳದ ನಾಳದ ಕಡೆ ಚಾಚಿದೆಯಾ ನೋಡೋಕೆ. ಅಪರೂಪ, ಆದ್ರೆ ಮೀನಖಂಡ ಗಟ್ಟಿಯಾಗಿ ಊದಿದ್ರೆ, ಎದೆ ನೋವು ಬಂದ್ರೆ ಆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಕಪ್ಪಾದ ಚರ್ಮ ಪೂರ್ತಿ ಬೆಳ್ಳಗಾಗಲ್ಲ ಅಂತ ತಂದೆಗೆ ಈಗ್ಲೇ ಹೇಳಿಡಿ, ನವೆ ಕಮ್ಮಿ ಆಗುತ್ತೆ, ಮೆತ್ತಗಾಗುತ್ತೆ.

ಕಂಡಕ್ಟರ್_ಕೆಂಪುಬಸ್ಸು
ಒಲೆ ಹತ್ರ ಒಂದು ಎತ್ತರದ ಸ್ಟೂಲ್ ಹಾಕ್ಸಿ. ತರಕಾರಿ ಹೆಚ್ಚೋದು, ಹಪ್ಪಳ ಕರಿಯೋದು ಕೂತೇ ಮಾಡಬಹುದು. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸೋದು ಮಾಡ್ತಿರಲಿ, ಮೀನಖಂಡ ರಕ್ತ ಮೇಲೆ ತಳ್ಳುತ್ತೆ. ನಾನು ಈಗ ಬಸ್ ಸ್ಟಾಪಲ್ಲೂ ಮಾಡ್ತೀನಿ, ಜನ ನೋಡಿ ನಗ್ತಾರೆ, ನಗ್ಲಿ.

ಬೆಣ್ಣೆದೋಸೆ_ದಾವಣಗೆರೆ
ಡೇಟ್ ಆಷಾಢಕ್ಕೆ ತಗೊಂಡಿದೀವಿ, ಮದುವೆ ಇರಲ್ಲ, ಅಪ್ಪಂಗೆ ಹೆಂಗೂ ಕೆಲಸ ಕಮ್ಮಿ. ಡಾಕ್ಟ್ರು ಅಷ್ಟು ದಿನ ಕಾಯಬಹುದು, ಅಲ್ಲಿವರೆಗೆ ಅಳತೆ ಮಾಡಿದ ಸ್ಟಾಕಿಂಗ್ ಹಾಕ್ಲಿ ಅಂದಿದಾರೆ. ಅಪ್ಪ ಒಪ್ಪಿದಾರೆ, ಆದ್ರೆ ಶ್ರಾವಣದ ಮೊದಲ ಮುಹೂರ್ತಕ್ಕೆ ಎಂಟುನೂರು ಎಲೆ ಆಗಲೇ ಒಪ್ಕೊಂಡು ಬಂದಿದಾರೆ. ಸ್ಟೂಲ್ ವಿಷಯ ಹೇಳಿದೆ, "ಭಟ್ಟ ಕೂತ್ಕೊಂಡ್ರೆ ಸಾರಿಗೆ ಒಗ್ಗರಣೆ ಯಾರು ಹಾಕ್ತಾರೆ" ಅಂದ್ರು. ನೋಡೋಣ, ಸಹಾಯಕ್ಕೆ ಇನ್ನೊಬ್ಬರನ್ನ ಹುಡುಕ್ತಿದೀನಿ, ದಾವಣಗೆರೆ ಹರಿಹರ ಕಡೆ ಯಾರಾದ್ರೂ ಅಡಿಗೆಯವರು ಇದ್ರೆ ಮೆಸೇಜ್ ಮಾಡಿ.